ರಿಪೋರ್ಟ್ ಚೆನ್ನಾಗಿದೆ, ಗೋಡೆ ಗಡಿಯಾರ ಬೇರೆ ಹೇಳುತ್ತಿದೆ

ಪ್ರಶ್ನೆ: "ನಾನು ಹುಟ್ಟಿ ಬೆಳೆದದ್ದು ಕೆಂಗೇರಿಯಲ್ಲಿ. ಒಂಬತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಗೆಳತಿಯೊಬ್ಬಳ ಜೊತೆ ಸೇರಿ ಮಕ್ಕಳ ಬಟ್ಟೆಯ ಸಣ್ಣ ವ್ಯಾಪಾರ ಶುರುಮಾಡಿ ಮೂರು ವರ್ಷ ಆಯಿತು. ಢಾಕಾದ ಬಯಿಂಗ್ ಹೌಸ್ (ಆರ್ಡರ್ ಮಾಡಿಸಿಕೊಡುವ ಮಧ್ಯವರ್ತಿ ಸಂಸ್ಥೆ) ಒಂದರ ಮೂಲಕ ಗಾಜಿಪುರದ ಕಾರ್ಖಾನೆಯಲ್ಲಿ ಹೊಲಿಸುತ್ತೇವೆ. ವರ್ಷಕ್ಕೆ ಮೂರು ಆರ್ಡರ್, ಒಂದೊಂದಕ್ಕೆ 6,000 ಪೀಸ್. ಕೆಲಸದವರ ಸಂಬಳ, ಸುರಕ್ಷತೆ ನೋಡುವ ಕಾರ್ಖಾನೆಯ ಆಡಿಟ್ ರಿಪೋರ್ಟ್ ತುಂಬ ಚೆನ್ನಾಗಿದೆ. ಆದರೆ ಕಳೆದ ತಿಂಗಳು ಬಯಿಂಗ್ ಹೌಸಿನ ಹುಡುಗ 'ನಿಮ್ಮ ಮಾಲು ನಡೀತಿದೆ ಮೇಡಂ' ಅಂತ ಒಂದು ವಿಡಿಯೊ ಕಳಿಸಿದ. ಅದರಲ್ಲಿ ಗೋಡೆ ಗಡಿಯಾರ ಹತ್ತೂಕಾಲು ತೋರಿಸುತ್ತಿದೆ, ಕಿಟಕಿಯಾಚೆ ಕತ್ತಲು. ಅವತ್ತು ಶುಕ್ರವಾರ, ಅವರ ವಾರದ ರಜೆ. ಜಾಗವೂ ರಿಪೋರ್ಟಿನ ಫೋಟೊಗಳಲ್ಲಿದ್ದ ಜಾಗದ ಹಾಗೆ ಕಾಣಲಿಲ್ಲ. ಕೇಳಿದರೆ 'ಎಲ್ಲ ಕಂಪ್ಲಯನ್ಸ್ ಪ್ರಕಾರವೇ ಇದೆ' ಅನ್ನುತ್ತಾರೆ. ನನ್ನ ಚಿಕ್ಕಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಹೊಲಿದವರು. ಅವರ ಬೆನ್ನುನೋವು ನೋಡುತ್ತಲೇ ನಾನು ಓದಿದ್ದು. ಅದಕ್ಕೇ ಈ ವಿಡಿಯೊ ನನ್ನನ್ನು ಬಿಡುತ್ತಿಲ್ಲ. ಈ ಆಡಿಟ್, ಸರ್ಟಿಫಿಕೇಟುಗಳನ್ನು ಎಷ್ಟು ನಂಬಬೇಕು? ಬಾಂಗ್ಲಾದೇಶ ಬಿಟ್ಟು ಬೆಂಗಳೂರಿನಲ್ಲೇ ಹೊಲಿಸಿದರೆ ಒಳ್ಳೆಯದೇ? ನಮ್ಮಂಥ ಸಣ್ಣವರ ಮಾತು ಅಲ್ಲಿ ಯಾರು ಕೇಳುತ್ತಾರೆ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಮೂರಿದ್ದರೂ ಒಳಗಿರುವ ಸಂಕಟ ಒಂದೇ. ನಿಮ್ಮ ಲೇಬಲ್ ಇರುವ ಅಂಗಿಯನ್ನು ಯಾರೋ ರಜೆಯ ದಿನ ನಿದ್ದೆಗೆಟ್ಟು ಹೊಲಿದರು. ಅದಕ್ಕೆ ಅವರಿಗೆ ಸಿಗಬೇಕಾದ ದುಡ್ಡು ಸಿಕ್ಕಿತೇ, ಆ ಹೊತ್ತಿನಲ್ಲಿ ಆ ಕಟ್ಟಡದ ಬಾಗಿಲು ತೆರೆದಿತ್ತೇ ಎಂಬುದು ನಿಮಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಕಾಣುತ್ತಿಲ್ಲ. ನಾನು ಹನ್ನೊಂದು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಪ್ರೊಡಕ್ಷನ್ ಕಡೆ ಇದ್ದವನು. ಆಮೇಲೆ ಹದಿಮೂರು ವರ್ಷ ಬಾಂಗ್ಲಾದೇಶ, ತಮಿಳುನಾಡು, ಶ್ರೀಲಂಕಾದ ಕಾರ್ಖಾನೆಗಳಲ್ಲಿ ಇದೇ ಆಡಿಟ್ ಮಾಡಿದವನು. ಹಾಗಾಗಿ ಎರಡೂ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ರಿಪೋರ್ಟಿನ ವಿಷಯ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಹಿಂದೆ ಆ ಕಾರ್ಖಾನೆಗೆ ಎಸ್‌ಎ8000 ಸರ್ಟಿಫಿಕೇಟ್ ಸಿಕ್ಕಿತ್ತು. ಕಾರ್ಮಿಕರ ಸುರಕ್ಷತೆ, ಸಂಬಳ, ಕೆಲಸದ ಅವಧಿ ಎಲ್ಲವನ್ನೂ ನೋಡಿ ಕೊಡುವ, ಈ ಕ್ಷೇತ್ರದಲ್ಲಿ ತುಂಬ ಬೆಲೆಯುಳ್ಳ ಸರ್ಟಿಫಿಕೇಟ್ ಅದು. ಬೆಂಕಿ ಬೇಕೆಂದೇ ಹಚ್ಚಿದ್ದು ಎಂದು ಕರಾಚಿಯ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು, ಅದೂ ನಿಜ. ಆದರೆ ಅಷ್ಟೊಂದು ಜನ ಒಳಗೇ ಉಳಿದದ್ದು ಕಿಟಕಿಗಳಿಗೆ ಕಬ್ಬಿಣದ ಸರಳಿದ್ದುದರಿಂದ, ಬಾಗಿಲಿಗೆ ಬೀಗವಿದ್ದುದರಿಂದ. ಸರಳು ಒಂದೇ ರಾತ್ರಿಯಲ್ಲಿ ಹುಟ್ಟಿಕೊಳ್ಳುವ ವಸ್ತುವಲ್ಲ. ಸರ್ಟಿಫಿಕೇಟ್ ಕೊಟ್ಟ ದಿನವೂ ಅದು ಅಲ್ಲೇ ಇದ್ದಿರಬೇಕು.

2013ರ ಏಪ್ರಿಲ್ 24ಕ್ಕೆ ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಸಾವು, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗಾಯ. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಮಹಡಿಗಳ ಗಾರ್ಮೆಂಟ್ ಕೆಲಸದವರನ್ನು ಮಾತ್ರ ಮಾರನೇ ಬೆಳಗ್ಗೆ ಒಳಗೆ ಕರೆದರು. ಬಾರದಿದ್ದರೆ ಸಂಬಳ ಹಿಡಿಯುತ್ತೇವೆ ಎಂದು ಹೆದರಿಸಿದ್ದರೆಂದು ಬದುಕುಳಿದವರು ಹೇಳಿದರು. ಆ ಕಟ್ಟಡದ ಕೆಲವು ಕಾರ್ಖಾನೆಗಳಲ್ಲೂ ಅದಕ್ಕೂ ಮೊದಲು ಆಡಿಟ್ ನಡೆದಿತ್ತು. ಕಟ್ಟಡ ಗಟ್ಟಿಯಿದೆಯೇ ಎಂದು ಪರೀಕ್ಷಿಸುವುದು ಅಂಥ ಆಡಿಟ್‌ನ ಕೆಲಸವೇ ಆಗಿರಲಿಲ್ಲ.

ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ರಿಪೋರ್ಟ್ ಅಂದರೆ ಏನು, ಏನಲ್ಲ ಎಂಬುದು ನಿಮಗೆ ತಿಳಿದಿರಬೇಕು. ಒಬ್ಬರೋ ಇಬ್ಬರೋ ಆಡಿಟರ್‌ಗಳು ಒಂದೆರಡು ದಿನ ಬಂದು, ತೋರಿಸಿದ ಕಡತ ನೋಡಿ, ಕಾರ್ಖಾನೆಯೊಳಗೇ ಕೂರಿಸಿಕೊಂಡು ಕೆಲವರನ್ನು ಮಾತಾಡಿಸಿ ಬರೆದದ್ದು ಅದು. ಬಹಳಷ್ಟು ಸಲ ಫೀಸು ಕೊಡುವುದು ಕಾರ್ಖಾನೆಯೇ. ಆಡಿಟ್ ದಿನ ಕಾರ್ಖಾನೆ ಮದುವೆಮನೆಯ ಹಾಗಿರುತ್ತದೆ. ಫಸ್ಟ್ ಏಡ್ ಡಬ್ಬಿಯಲ್ಲಿ ಹೊಸ ಬ್ಯಾಂಡೇಜು, ಟಾಯ್ಲೆಟ್‌ನಲ್ಲಿ ಸೋಪು, ಸೂಪರ್‌ವೈಸರ್ ಬಾಯಲ್ಲಿ 'ಅಮ್ಮಾ' ಎಂಬ ಮಾತು. ಕೆಲಸದವರಿಗೂ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಎಂಟು ಜನರನ್ನು ಬೇರೆ ಬೇರೆ ಕೂರಿಸಿ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಬಗ್ಗೆ ಕೇಳಿದಾಗ ಎಂಟೂ ಜನ ಅದೇ ಪದಗಳಲ್ಲಿ ಉತ್ತರಿಸಿದರೆ ಅದು ಕಲಿಸಿದ ಪಾಠ.

ಹಾಗಂತ ಆಡಿಟ್‌ನಲ್ಲಿ ಏನೂ ಸಿಗುವುದಿಲ್ಲ ಅಂತಲ್ಲ. ಎಲ್ಲಿ ಕೈಹಾಕಬೇಕೆಂದು ಗೊತ್ತಿದ್ದರೆ ಸಿಗುತ್ತದೆ. ನಿಮ್ಮದು ಮಕ್ಕಳ ಬಟ್ಟೆಯಾದ್ದರಿಂದ ಒಂದು ಅನುಭವ ಹೇಳಲೇಬೇಕು.

ಮಕ್ಕಳ ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಮುರಿದ ಸೂಜಿಗೇ ಒಂದು ಪುಸ್ತಕ ಇರುತ್ತದೆ. ಅಂಗಿಯೊಳಗೆ ಸೂಜಿಯ ಚೂರು ಉಳಿದರೆ ಮಗುವಿಗೆ ಚುಚ್ಚುತ್ತದೆ. ಹಾಗಾಗಿ ಸೂಜಿ ಮುರಿದ ಕೂಡಲೇ ಟೈಲರ್ ಎಲ್ಲ ಚೂರನ್ನೂ ಹುಡುಕಿ ತಂದುಕೊಟ್ಟರಷ್ಟೇ ಹೊಸ ಸೂಜಿ. ಆ ಚೂರುಗಳನ್ನು ಪುಸ್ತಕದ ಹಾಳೆಗೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಮಷಿನ್ ನಂಬರು, ತಾರೀಖು, ಹೊತ್ತು ಬರೆಯುತ್ತಾರೆ. ಢಾಕಾ ಹೊರವಲಯದ ಒಂದು ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಕನ್ನಡಿಯ ಹಾಗಿತ್ತು. ಪ್ರತಿ ಶುಕ್ರವಾರ ರಜೆ, ಓಟಿ ದಿನಕ್ಕೆ ಎರಡೇ ಗಂಟೆ. ಸಂಬಳದ ಶೀಟಿನಲ್ಲೂ ಒಂದು ತಪ್ಪು ಸಿಗಲಿಲ್ಲ. ಮಧ್ಯಾಹ್ನ ಊಟದ ಮೇಲೆ ಸೂಜಿ ಪುಸ್ತಕ ತರಿಸಿದೆ. ಶುಕ್ರವಾರ ಒಂದೇ ದಿನ ನಾಲ್ಕು ಸೂಜಿ ಮುರಿದಿತ್ತು. ಕೊನೆಯದು ರಾತ್ರಿ ಒಂಬತ್ತೂ ನಲವತ್ತಕ್ಕೆ. ಸಣ್ಣ ಬೆಳ್ಳಿಬಣ್ಣದ ಎರಡು ಚೂರು, ಪಕ್ಕದಲ್ಲಿ ಆ ಹೆಣ್ಣುಮಗಳ ಸಹಿ.

ಮ್ಯಾನೇಜರ್ ಮುಂದೆ ಆ ಹಾಳೆ ಇಟ್ಟೆ. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಎದ್ದುಹೋಗಿ ಎರಡು ವಸ್ತು ತಂದರು. ಒಂದು, ನಿಜವಾದ ಹಾಜರಿ ಪುಸ್ತಕ. ಇನ್ನೊಂದು, ಬಯರ್, ಅಂದರೆ ಆರ್ಡರ್ ಕೊಟ್ಟ ಕಂಪನಿ, ಕಳಿಸಿದ್ದ ಇಮೇಲ್‌ನ ಪ್ರಿಂಟು. ಮಾಲು ಹಡಗಿಗೆ ಹೋಗಲು ಒಂಬತ್ತು ದಿನ ಇದ್ದಾಗ ಗುಂಡಿಯ ಬಣ್ಣ ಬದಲಿಸಿ ಅಂದಿದ್ದರು. ಶಿಪ್‌ಮೆಂಟ್ ತಾರೀಖು ಮಾತ್ರ ಬದಲಾಗಿರಲಿಲ್ಲ. ನನ್ನನ್ನು ಅಲ್ಲಿಗೆ ಆಡಿಟ್ ಮಾಡಲು ಕಳಿಸಿದ್ದೂ ಅದೇ ಬಯರ್. ರಿಪೋರ್ಟಿನಲ್ಲಿ ಕಾರ್ಖಾನೆಯ ತಪ್ಪು ಬರೆಯಲು ನನಗೆ ನಾಲ್ಕು ಪುಟ ಇತ್ತು, ಆ ಇಮೇಲ್ ಬರೆಯಲು ಒಂದು ಕಾಲಂ ಕೂಡ ಇರಲಿಲ್ಲ. ಅವತ್ತಿನಿಂದ ಯಾರೇ ಕೇಳಿದರೂ ಕಾರ್ಖಾನೆಯ ಕಡತಕ್ಕಿಂತ ಮೊದಲು ಅವರ ಸ್ವಂತ ಆರ್ಡರ್ ಫೈಲ್ ತೆರೆದು ನೋಡಿ ಅನ್ನುತ್ತೇನೆ. ನಿಮಗೂ ಅದನ್ನೇ ಹೇಳುವುದು.

ನಿಮ್ಮ ಆ ಶುಕ್ರವಾರದ ಫೈಲ್ ತೆಗೆಯಿರಿ. ಬಟ್ಟೆಯ ಬಣ್ಣದ ಲ್ಯಾಬ್ ಡಿಪ್, ಅಂದರೆ ಬಣ್ಣ ಹಾಕಿದ ಮಾದರಿ ತುಂಡು, ಅವರು ಯಾವತ್ತು ಕಳಿಸಿದರು, ನೀವು ಯಾವತ್ತು ಓಕೆ ಅಂದಿರಿ? ಪಿಪಿ ಸ್ಯಾಂಪಲ್ (ಹೊಲಿಗೆ ಶುರುವಾಗುವ ಮೊದಲು ಕಳಿಸುವ ಮಾದರಿ ಅಂಗಿ) ಓಕೆ ಮಾಡಲು ಎಷ್ಟು ದಿನ ತೆಗೆದುಕೊಂಡಿರಿ? ಪ್ರಿಂಟು, ಲೇಬಲ್, ಅಳತೆ ಯಾವುದಾದರೂ ನಡುವೆ ಬದಲಾಯಿತೇ? ಸಣ್ಣ ವ್ಯಾಪಾರಗಳಲ್ಲಿ ಎರಡು ವಾರ ಹೀಗೆ ಕರಗಿಹೋಗುವುದನ್ನು ತುಂಬ ನೋಡಿದ್ದೇನೆ. ಅದರಲ್ಲಿ ಯಾರದೂ ದುರುದ್ದೇಶ ಇರುವುದಿಲ್ಲ. ಆದರೆ ಹಡಗಿನ ದಿನ ಅಲ್ಲಾಡುವುದಿಲ್ಲ. ತಡವಾದರೆ ಕಾರ್ಖಾನೆ ತನ್ನ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸಬೇಕು, ಇಲ್ಲವೇ ದರದಲ್ಲಿ ಡಿಸ್ಕೌಂಟ್ ಕೊಡಬೇಕು. ವಿಮಾನದ ಬಾಡಿಗೆ ಹೊಲಿಗೆಯ ಕೂಲಿಯನ್ನೇ ನುಂಗಿಬಿಡುತ್ತದೆ. ಆಗ ಮಾಲೀಕರಿಗೆ ಉಳಿಯುವುದು ಎರಡೇ ದಾರಿ: ರಾತ್ರಿಯೆಲ್ಲ ಲೈನ್ (ಹೊಲಿಗೆ ಮಷಿನ್‌ಗಳ ಸಾಲು) ಓಡಿಸುವುದು, ಇಲ್ಲವೇ ಅರ್ಧ ಮಾಲನ್ನು ಪಕ್ಕದ ಯಾವುದೋ ಸಣ್ಣ ಶೆಡ್ಡಿಗೆ ಸಬ್‌ಕಾಂಟ್ರಾಕ್ಟ್ ಕೊಡುವುದು. ನಿಮ್ಮ ವಿಡಿಯೊದಲ್ಲಿ ಜಾಗ ಬೇರೆ ಕಂಡಿದ್ದರೆ ನನ್ನ ಅನುಮಾನ ಎರಡನೆಯದರ ಮೇಲೆ.

ಅಪಾಯ ಹೆಚ್ಚಿರುವುದೂ ಅಲ್ಲೇ. ರಫ್ತಿನ ದೊಡ್ಡ ಕಾರ್ಖಾನೆಗಳಲ್ಲಿ ಬಾಲಕಾರ್ಮಿಕರು ಇರುತ್ತಾರೆಯೇ ಎಂದು ಯುರೋಪಿನ ಗ್ರಾಹಕರು ಮೊದಲು ಕೇಳುತ್ತಾರೆ. ನನ್ನ ಅನುಭವದಲ್ಲಿ ಅಲ್ಲಿ ಅದು ಈಗ ಅಪರೂಪ. ಕೈಕಸೂತಿ, ದಾರ ಕತ್ತರಿಸುವುದು, ಗುಂಡಿ ಹಚ್ಚುವುದು ಮನೆಗಳಿಗೂ ಶೆಡ್ಡುಗಳಿಗೂ ಹೋದಾಗ ಮಕ್ಕಳ ಕೈ ಸೇರುತ್ತದೆ. ಆ ಜಾಗಗಳಿಗೆ ಯಾವ ಆಡಿಟರ್ ಕೂಡ ಹೋಗಿರುವುದಿಲ್ಲ. ಆ ವಿಳಾಸವೇ ಯಾರ ಹತ್ತಿರವೂ ಇರುವುದಿಲ್ಲ.

ಸರ್ಟಿಫಿಕೇಟುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳ ಬಟ್ಟೆಯ ಮೇಲೆ ಬಹಳ ಕಾಣುವ ಓಇಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಚೀಟಿ ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಮಿತಿ ಮೀರಿಲ್ಲ ಎಂಬುದಕ್ಕೆ ಮಾತ್ರ. ಹೊಲಿದವರ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಗಾಟ್ಸ್ ಎಂಬ ಸರ್ಟಿಫಿಕೇಟ್ ಮುಖ್ಯವಾಗಿ ಹತ್ತಿಯಂಥ ಸಾವಯವ ನಾರಿನದು, ಕಾರ್ಮಿಕರ ಬಗ್ಗೆಯೂ ಷರತ್ತುಗಳಿವೆ. ಸ್ಮೆಟಾ ಎಂಬುದು ಆಡಿಟ್ ಮಾಡುವ ಒಂದು ವಿಧಾನ. ಅದರಲ್ಲಿ ಪಾಸ್, ಫೇಲ್ ಎಂಬುದೇ ಇಲ್ಲ. ಹಾಗಾಗಿ ಯಾರಾದರೂ 'ನಾವು ಸ್ಮೆಟಾ ಪಾಸ್' ಅಂದರೆ ಪೂರ್ತಿ ರಿಪೋರ್ಟ್ ಕೇಳಿ. ಅದರಲ್ಲಿ ಸಿಕ್ಕ ತಪ್ಪುಗಳ ಪಟ್ಟಿ ನೋಡಿ, ಮೊದಲ ಪುಟದ ಮೇಲೆ ನಿಲ್ಲಬೇಡಿ. ಒಂದೂ ತಪ್ಪಿಲ್ಲದ ರಿಪೋರ್ಟ್ ಕಂಡರೆ ನನಗೆ ಗಾಬರಿಯಾಗುತ್ತದೆ. ಸಾವಿರ ಜನ ಕೆಲಸ ಮಾಡುವ ಕಡೆ ಎರಡು ದಿನ ಹುಡುಕಿ ಏನೂ ಸಿಗಲಿಲ್ಲ ಅಂದರೆ ಹುಡುಕಿಲ್ಲ ಅಂತಲೇ.

ಬಾಂಗ್ಲಾದೇಶದಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ಕಾಗದ ಬೇರೆ ಇದೆ. ರಾಣಾ ಪ್ಲಾಜಾ ನಂತರ, 2013ರ ಮೇ ತಿಂಗಳಲ್ಲಿ, ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಸೇರಿ ಅಕಾರ್ಡ್ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಮುಂದೆ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಅದರೊಳಗೆ ಬಂದವು. ಅದಕ್ಕೂ ಹಿಂದಿನ ಘೋಷಣೆಗಳಿಗೂ ದೊಡ್ಡ ವ್ಯತ್ಯಾಸ ಒಂದಿತ್ತು. ಇದು ಕಾನೂನಿನ ಮುಂದೆ ನಿಲ್ಲುವ ಕರಾರು. ಎಂಜಿನಿಯರ್‌ಗಳು ಬಂದು ಕಂಬ, ತೊಲೆ, ವೈರಿಂಗ್, ಬಾಗಿಲು ಪರೀಕ್ಷಿಸಿದರು. ವರದಿಯನ್ನು ಬಚ್ಚಿಡದೆ ಎಲ್ಲರಿಗೂ ಕಾಣುವಂತೆ ಹಾಕಿದರು. ರಿಪೇರಿ ಮಾಡಲು ಒಪ್ಪದ ಕಾರ್ಖಾನೆಗೆ ಸಹಿ ಹಾಕಿದ ಒಬ್ಬ ಬಯರ್ ಕೂಡ ಆರ್ಡರ್ ಕೊಡುವಂತಿರಲಿಲ್ಲ. ಬ್ರ್ಯಾಂಡ್ ಮಾತು ತಪ್ಪಿದರೆ ಅದಕ್ಕೂ ಬಿಸಿ ತಟ್ಟುತ್ತಿತ್ತು. ಕಾರ್ಮಿಕ ಸಂಘಗಳು ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯದ ತನಕ ಹೋದ ಮೇಲೆ ಒಂದು ಬ್ರ್ಯಾಂಡ್ 2018ರಲ್ಲಿ 23 ಲಕ್ಷ ಡಾಲರ್ ಕೊಡಲು ಒಪ್ಪಿತು. ಬೀಗ ಹಾಕುತ್ತಿದ್ದ ಕೊಲಾಪ್ಸಿಬಲ್ ಗೇಟುಗಳು ಹೋಗಿ ಒಳಗಿನಿಂದ ತಳ್ಳಿದರೆ ತೆರೆಯುವ ಬೆಂಕಿ ತಡೆಯುವ ಬಾಗಿಲು ಬಂದದ್ದನ್ನು ನಾನು ಒಂದೊಂದೇ ಕಾರ್ಖಾನೆಯಲ್ಲಿ ಕಣ್ಣಾರೆ ನೋಡಿದೆ. 2020ರಿಂದ ಆ ಕೆಲಸ ಆರ್‌ಎಸ್‌ಸಿ (ಆರ್‌ಎಂಜಿ ಸಸ್ಟೇನಬಿಲಿಟಿ ಕೌನ್ಸಿಲ್) ಎಂಬ ಸಂಸ್ಥೆಯ ಕೈಯಲ್ಲಿದೆ. ಅದರ ತಾಣದಲ್ಲಿ ನಿಮ್ಮ ಕಾರ್ಖಾನೆಯ ಹೆಸರು ಹಾಕಿ ಹುಡುಕಿ. ಹೆಸರಿದ್ದರೆ ಯಾವ ರಿಪೇರಿ ಮುಗಿದಿದೆ, ಯಾವುದು ಬಾಕಿ ಎಂದು ಕಾಣುತ್ತದೆ. ಹೆಸರೇ ಇಲ್ಲದಿದ್ದರೆ, ನಿಮ್ಮ ಬಯಿಂಗ್ ಹೌಸಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಆದರೆ ಇದು ಕಟ್ಟಡಕ್ಕೆ, ಬೆಂಕಿಗೆ ಸಂಬಂಧಿಸಿದ್ದು. ಸಂಬಳದ ಕಥೆ ಬೇರೆ. ಅದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ 'ಸಂಬಳ ಜಾಸ್ತಿ ಮಾಡಿದರೆ ಬಟ್ಟೆ ಯಾರೂ ಕೊಳ್ಳಲಾರದಷ್ಟು ದುಬಾರಿಯಾಗುತ್ತದೆ' ಎಂಬ ಮಾತನ್ನು ನಿಮಗೂ ಹೇಳಿರುತ್ತಾರೆ.

ಬಾಂಗ್ಲಾದೇಶದ ಗಾರ್ಮೆಂಟ್ ಕೆಲಸಗಾರರ ಕನಿಷ್ಠ ವೇತನ 2018ರಲ್ಲಿ 8,000 ಟಾಕಾ ಇತ್ತು. 2023ರ ಡಿಸೆಂಬರ್‌ನಿಂದ 12,500 ಟಾಕಾ ಆಯಿತು. ಕಾರ್ಮಿಕರು ಕೇಳಿದ್ದು 23,000. ಆ ಹೋರಾಟದಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ವಾರಕ್ಕೆ 48 ಗಂಟೆಯಂತೆ ತಿಂಗಳಿಗೆ 208 ಗಂಟೆ. 12,500ನ್ನು ಅಷ್ಟು ನಿಮಿಷಗಳಿಗೆ ಹಂಚಿದರೆ ಹೆಚ್ಚುಕಡಿಮೆ ನಿಮಿಷಕ್ಕೆ ಒಂದು ಟಾಕಾ ಬರುತ್ತದೆ. ಮಗುವಿನ ಒಂದು ಸಾದಾ ಟಿ-ಶರ್ಟಿನ ಸ್ಯಾಮ್, ಅಂದರೆ ಹೊಲಿಯಲು ಬೇಕೆಂದು ಲೆಕ್ಕಹಾಕಿದ ಹೊತ್ತು, ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಲೈನ್ ಅರ್ಧ ಎಫಿಶಿಯನ್ಸಿಯಲ್ಲಿ ಓಡಿದರೆ ನಿಜಕ್ಕೂ ಹಿಡಿಯುವುದು ಇಪ್ಪತ್ತು ನಿಮಿಷ. ಇಪ್ಪತ್ತು ಟಾಕಾ. ಈಗ ಹೊಲಿಯುವವರ ಸಂಬಳವನ್ನು ಒಂದೂವರೆ ಪಟ್ಟು ಮಾಡಿದರೆ ಅಂಗಿಗೆ ಹೆಚ್ಚಾಗುವುದು ಹತ್ತು ಟಾಕಾ, ನಿಮ್ಮ ದುಡ್ಡಿನಲ್ಲಿ ಏಳೆಂಟು ಸೆಂಟ್. 6,000 ಪೀಸಿನ ಪೂರ್ತಿ ಆರ್ಡರಿಗೆ ಐನೂರು ಯೂರೊ ಒಳಗೆ. ಕಟಿಂಗ್, ಐರನ್, ಪ್ಯಾಕಿಂಗ್, ಹೆಲ್ಪರ್‌ಗಳನ್ನೂ ಸೇರಿಸಿ ಎರಡರಷ್ಟು ಅಂದುಕೊಂಡರೂ ಸಾವಿರ ಯೂರೊ ದಾಟುವುದಿಲ್ಲ. ನೀವು ಆ ಅಂಗಿಯನ್ನು ಎಷ್ಟಕ್ಕೆ ಮಾರುತ್ತೀರೋ ನನಗೆ ಗೊತ್ತಿಲ್ಲ. ಈ ಲೆಕ್ಕ ನೋಡಿದ ಮೇಲೆ 'ಸಾಧ್ಯವೇ ಇಲ್ಲ' ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಇದರಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ನೀವು ದರ ಹೆಚ್ಚಿಸಿದ ಮಾತ್ರಕ್ಕೆ ಆ ಹತ್ತು ಟಾಕಾ ಹೊಲಿದವರ ಕೈ ಸೇರುವುದಿಲ್ಲ. ಅದೇ ಲೈನಿನಲ್ಲಿ ನಾಳೆ ಇನ್ನೊಬ್ಬ ಬಯರ್ ಮಾಲು ಓಡುತ್ತದೆ, ಸಂಬಳ ಎಲ್ಲಕ್ಕೂ ಒಂದೇ. ದುಬಾರಿ ಬ್ರ್ಯಾಂಡ್ ಅಂದರೆ ಒಳ್ಳೆಯ ಸಂಬಳ ಎಂಬ ನಂಬಿಕೆ ಸುಳ್ಳಾಗುವುದೂ ಇದರಿಂದಲೇ. ನೂರು ಯೂರೊ ಅಂಗಿಯೂ ಹತ್ತು ಯೂರೊ ಅಂಗಿಯೂ ಅಕ್ಕಪಕ್ಕದ ಲೈನಿನಲ್ಲಿ ಹೊಲಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ನೀವು ಮಾಡಬಹುದಾದದ್ದು, ಕಾಸ್ಟಿಂಗ್ ಶೀಟಿನಲ್ಲಿ (ದರದ ಲೆಕ್ಕದ ಹಾಳೆಯಲ್ಲಿ) ಕೂಲಿಯ ಸಾಲನ್ನು ಬೇರೆಯಾಗಿ ತೋರಿಸಿ ಅನ್ನುವುದು. ಬಟ್ಟೆ, ಗುಂಡಿ, ಸಾಗಣೆಯ ದರದ ಮೇಲೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಕೂಲಿಯ ಸಾಲಿನ ಮೇಲೆ ಚೌಕಾಸಿ ಇಲ್ಲ ಎಂದು ಬರೆದುಕೊಡಿ. ಮುಂದಿನ ಸಲ ಕನಿಷ್ಠ ವೇತನ ಏರಿದಾಗ ಆ ಸಾಲು ತಾನಾಗಿ ಏರಲಿ. ಕಾರ್ಖಾನೆಯವರಿಗೆ ಇಂಥ ಮಾತು ಹೇಳುವ ಬಯರ್ ಅಪರೂಪ, ಅವರು ಅದನ್ನು ಮರೆಯುವುದಿಲ್ಲ.

ಇನ್ನು, ಬಾಂಗ್ಲಾದೇಶ ಬಿಡಬೇಕೇ? ಮನಸ್ಸಿಗೆ ಮೊದಲು ಸಮಾಧಾನ ಕೊಡುವ ದಾರಿ ಇದು, ನನಗೆ ಅರ್ಥವಾಗುತ್ತದೆ. ಆದರೆ ನೀವು ಬಿಟ್ಟರೆ ಆ ಶುಕ್ರವಾರ ರಾತ್ರಿ ಹೊಲಿದವರಿಗೆ ಏನೂ ಒಳ್ಳೆಯದಾಗುವುದಿಲ್ಲ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಕೊರೋನಾ ಬಂದಾಗ ವಿದೇಶಿ ಬಯರ್‌ಗಳು 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರನ್ನು ರದ್ದುಮಾಡಿದರು ಅಥವಾ ತಡೆಹಿಡಿದರು ಎಂದು ಅಲ್ಲಿನ ಗಾರ್ಮೆಂಟ್ ಮಾಲೀಕರ ಸಂಘ ಹೇಳಿತು. ಹೊಲಿದು ಪ್ಯಾಕ್ ಮಾಡಿದ ಮಾಲೂ ಅದರಲ್ಲಿತ್ತು. ಬಾಕಿ ಸಂಬಳಕ್ಕಾಗಿ ಲಾಕ್‌ಡೌನ್ ನಡುವೆ ಬೀದಿಗೆ ಬಂದವರು ಆ ಹೆಣ್ಣುಮಕ್ಕಳೇ. ಕಾರ್ಖಾನೆ ತಪ್ಪನ್ನು ಒಪ್ಪಿ ತಿದ್ದಿಕೊಳ್ಳಲು ನೋಡುತ್ತಿದ್ದರೆ ಬಿಡಬೇಡಿ. ಸುಳ್ಳು ಹೇಳುತ್ತಲೇ ಇದ್ದರೆ, ಕೆಲಸದವರಲ್ಲಿ ಸಂಘ ಕಟ್ಟಿದವರನ್ನು ತೆಗೆದುಹಾಕಿದರೆ, ಬಿಡಲೇಬೇಕಾಗುತ್ತದೆ. ಆಗಲೂ ಮೊದಲೇ ತಿಳಿಸಿ, ಹಿಡಿದ ಆರ್ಡರಿನ ಪೂರ್ತಿ ಹಣ ಕೊಟ್ಟು ಹೊರಬನ್ನಿ.

ಬೆಂಗಳೂರಿಗೆ ತಂದರೆ? ಇಲ್ಲಿ ಕೆಲವು ಅನುಕೂಲ ನಿಜವಾಗಿ ಇವೆ. ಪಿಎಫ್, ಇಎಸ್‌ಐ ಇದೆ. ಭಾಷೆ ನಿಮಗೆ ಬರುತ್ತದೆ. ಗಾರ್ಮೆಂಟ್ ಲೇಬರ್ ಯೂನಿಯನ್‌ನಂಥ, ಹೆಣ್ಣುಮಕ್ಕಳೇ ನಡೆಸುವ ಸಂಘಗಳಿವೆ, ನೀವು ಫೋನ್ ಮಾಡಿ ಮಾತಾಡಬಹುದು. ಆದರೆ ನಮ್ಮ ಊರೆಂದು ಕಣ್ಣು ಮುಚ್ಚಬೇಡಿ. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ ಚಿಲ್ಲರೆ, ಕರ್ನಾಟಕದ ಲಕ್ಷಾಂತರ ಗಾರ್ಮೆಂಟ್ ಕಾರ್ಮಿಕರಿಗೆ ಬಹುತೇಕ ಎರಡು ವರ್ಷ ಸಿಗಲಿಲ್ಲ. ಭತ್ಯೆಯನ್ನು ಮುಂದೂಡಿದ ಸರ್ಕಾರದ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟರೂ ಕಾರ್ಖಾನೆಗಳು ಜಗ್ಗಲಿಲ್ಲ. ಸಂಘಗಳು ಬಿಡದೆ ಕೇಳಿ, ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಂದ ಮೇಲೆ 2022ರ ಹೊತ್ತಿಗೆ ಬಾಕಿ ಬರತೊಡಗಿತು. ಆ ಎರಡು ವರ್ಷವೂ ಇದೇ ಕಾರ್ಖಾನೆಗಳಲ್ಲಿ ಆಡಿಟ್‌ಗಳು ನಡೆಯುತ್ತಲೇ ಇದ್ದವು. ಬಟ್ಟೆ ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋದರೂ ಹಾಗೆಯೇ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಕಾರ್ಮಿಕರು ಸಿಟ್ಟಿಗೆದ್ದು ಗಾಜು ಒಡೆದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಎಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಜಗತ್ತಿನಲ್ಲೇ ಅತಿ ಕಟ್ಟುನಿಟ್ಟು ಎನ್ನಿಸಿಕೊಂಡ ಬಯರ್ ಇದ್ದ ಜಾಗ ಅದು.

ನಿಮ್ಮ ಚಿಕ್ಕಮ್ಮ 2016ರ ಏಪ್ರಿಲ್ ಹೊತ್ತಿಗೆ ಕೆಲಸದಲ್ಲಿದ್ದರೆ ಕೇಳಿ ನೋಡಿ. ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರ ಕರೆಗೂ ಕಾಯದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಯಾವ ಊರಿನಲ್ಲಿ ಹೊಲಿಸುತ್ತೀರಿ ಎಂಬುದಕ್ಕಿಂತ, ಅಲ್ಲಿ ಹೊಲಿಯುವವರಿಗೆ ಬಾಯಿ ಇದೆಯೇ, ಮಾತಾಡಿದ ಮೇಲೂ ಕೆಲಸ ಉಳಿಯುತ್ತದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಈ ನಿಟ್ಟಿನಲ್ಲಿ ತಮಿಳುನಾಡಿನ ದಿಂಡಿಗಲ್‌ನಲ್ಲಿ 2022ರಲ್ಲಿ ಆದ ಒಪ್ಪಂದ ನನಗೆ ಭರವಸೆ ಕೊಟ್ಟಿತು. ಅಲ್ಲಿನ ಗಾರ್ಮೆಂಟ್ ಕಾರ್ಖಾನೆಯ ದಲಿತ ಹೆಣ್ಣುಮಗಳೊಬ್ಬಳ ಕೊಲೆಯಾದ ನಂತರ, ದಲಿತ ಮಹಿಳೆಯರೇ ಮುಂದೆ ನಿಂತ ಕಾರ್ಮಿಕ ಸಂಘ, ಕಾರ್ಖಾನೆಯ ಕಂಪನಿ, ವಿದೇಶಿ ಬ್ರ್ಯಾಂಡ್ ಎಲ್ಲರೂ ಸೇರಿ ಲೈಂಗಿಕ ಕಿರುಕುಳ ತಡೆಯಲು ಕರಾರು ಮಾಡಿಕೊಂಡರು. ಲೈನಿನಲ್ಲಿ ಕೂತ ಕೆಲಸದವರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಕಂಡದ್ದನ್ನು ದಾಖಲಿಸುವ ಅಧಿಕಾರ ಕೊಟ್ಟರು. ವರ್ಷಕ್ಕೊಮ್ಮೆ ಬರುವ ಆಡಿಟರ್‌ಗೆ ಕಾಣದ್ದು ದಿನವೂ ಅಲ್ಲೇ ಕೂತವರಿಗೆ ಕಾಣುತ್ತದೆ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಮಾಲು ತಯಾರಾಗುವ ಕಡೆಯ ಕಾರ್ಮಿಕರ ಹಕ್ಕಿನ ಹೊಣೆಯನ್ನು ಕೊಳ್ಳುವ ಕಂಪನಿಯ ಮೇಲೂ ಹಾಕುವ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರಲ್ಲಿ ಜಾರಿಗೆ ಬಂದದ್ದು ದೊಡ್ಡ ಕಂಪನಿಗಳಿಗೆ. ಆಮೇಲೆ ಅದನ್ನು ಸಡಿಲಿಸುವ ಮಾತೂ ನಡೆಯಿತು. ನಿಮ್ಮಷ್ಟು ಸಣ್ಣ ವ್ಯಾಪಾರ ಅದರೊಳಗೆ ನೇರವಾಗಿ ಬರುವುದಿಲ್ಲ. ಆದರೆ ನೀವು ದೊಡ್ಡ ಅಂಗಡಿ ಸರಣಿಗೆ ಮಾಲು ಕೊಟ್ಟರೆ ಅವರು ತಮ್ಮ ಪ್ರಶ್ನಾವಳಿಯನ್ನು ನಿಮಗೆ ದಾಟಿಸುತ್ತಾರೆ. ಬಲವಂತದ ದುಡಿಮೆಯಿಂದ ಆದ ವಸ್ತುಗಳನ್ನು ಮಾರುವಂತಿಲ್ಲ ಎಂಬ ಯುರೋಪಿನ ನಿಯಮ ಮಾತ್ರ 2027ರ ಡಿಸೆಂಬರ್‌ನಿಂದ ಸಣ್ಣವರಿಗೂ ಅನ್ವಯ. ನಿಮ್ಮ ಹತ್ತಿ, ನೂಲು ಎಲ್ಲಿಂದ ಬರುತ್ತದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಸಣ್ಣವರ ಮಾತು ಯಾರು ಕೇಳುತ್ತಾರೆ ಎಂದಿರಿ. 6,000 ಪೀಸ್ ಗಾಜಿಪುರದ ಕಾರ್ಖಾನೆಗೆ ಕೆಲವೇ ದಿನದ ಕೆಲಸ, ನಿಜ. ಬೆದರಿಸಿ ಕೆಲಸ ಮಾಡಿಸುವ ಬಲ ನಿಮಗಿಲ್ಲ. ಆದರೆ ಒಳ್ಳೆಯ ಗಿರಾಕಿಯಾಗುವ ಬಲ ಇದೆ. ವರ್ಷದ ಮೂರೂ ಆರ್ಡರಿನ ಅಂದಾಜನ್ನು ಮೊದಲೇ ಕೊಡಿ. ಸಾಧ್ಯವಾದರೆ ದೊಡ್ಡ ಬ್ರ್ಯಾಂಡ್‌ಗಳ ಮಾಲು ಕಡಿಮೆಯಿರುವ ತಿಂಗಳಿಗೆ ಆರ್ಡರ್ ಹಾಕಿ. 30 ದಿನದಲ್ಲಿ ಹಣ ಕೊಡಿ, ದೊಡ್ಡವರು ಎರಡು ಮೂರು ತಿಂಗಳು ಕಾಯಿಸುತ್ತಾರೆ. ಸಂಬಳದ ದಿನಕ್ಕೆ ಕೈಯಲ್ಲಿ ದುಡ್ಡಿರುವುದು ಮಾಲೀಕರಿಗೆ ಎಷ್ಟು ದೊಡ್ಡ ವಿಷಯವೆಂದು ಪ್ರೊಡಕ್ಷನ್‌ನಲ್ಲಿದ್ದ ನನಗೆ ಗೊತ್ತು. ಆ ಕಾರ್ಖಾನೆಯಲ್ಲಿ ಇನ್ನಾವ ಬ್ರ್ಯಾಂಡ್‌ಗಳಿವೆ ಎಂದು ವಿಚಾರಿಸಿ, ಅವರಲ್ಲಿ ಅಕಾರ್ಡ್‌ಗೆ ಸಹಿ ಹಾಕಿದವರಿದ್ದರೆ ಅವರ ಜೊತೆ ಸೇರಿ ಒಂದೇ ಬೇಡಿಕೆ ಇಡಿ.

ಈಗ ಆ ವಿಡಿಯೊಗೆ ಬರೋಣ. ಬಯಿಂಗ್ ಹೌಸಿನ ಹುಡುಗನ ಹೆಸರು ಎಲ್ಲೂ ಎತ್ತಬೇಡಿ, ಅವನ ಕೆಲಸ ಹೋಗುತ್ತದೆ. ವಿಡಿಯೊವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅದರಲ್ಲಿ ಹೊಲಿಯುವವರ ಮುಖಗಳಿವೆ. ಕಾರ್ಖಾನೆಗೆ ಪತ್ರ ಬರೆಯಿರಿ, ಆರೋಪದ ದನಿ ಬೇಡ. ಈ ಆರ್ಡರಿನಲ್ಲಿ ನಮ್ಮ ಕಡೆಯಿಂದ ಇಷ್ಟು ದಿನ ತಡವಾಗಿದೆ, ಇದರಿಂದ ನಿಮಗೆ ರಾತ್ರಿ ಕೆಲಸ ಮಾಡಿಸಬೇಕಾಯಿತೇ, ಹೊರಗೆ ಕೊಡಬೇಕಾಯಿತೇ, ನಿಜ ಹೇಳಿ, ಅದಕ್ಕಾಗಿ ಆರ್ಡರ್ ಕಡಿಮೆ ಮಾಡುವುದಿಲ್ಲ ಎನ್ನಿ. ಮುಂದಿನ ಪಿಒದಲ್ಲಿ (ಆರ್ಡರ್ ಪತ್ರದಲ್ಲಿ) ಒಂದು ಸಾಲು ಸೇರಿಸಿ: ನಾವು ಓಕೆ ಮಾಡಲು ತಡವಾದಷ್ಟು ದಿನ ಶಿಪ್‌ಮೆಂಟ್ ಮುಂದಕ್ಕೆ ಹೋಗುತ್ತದೆ, ದಂಡ ಇಲ್ಲ. ಹೊರಗೆ ಹೊಲಿಸುವುದಾದರೆ ಮೊದಲೇ ವಿಳಾಸ ಕೊಡಬೇಕು. ಆಮೇಲೆ ಆ ವಾರದ ಹಾಜರಿ, ಓಟಿ ಶೀಟು, ಮುರಿದ ಸೂಜಿಯ ಪುಸ್ತಕದ ಹಾಳೆಗಳ ಫೋಟೊ ಕೇಳಿ. ಶುಕ್ರವಾರದ ಓಟಿಗೆ ಕಾನೂನಿನ ಪ್ರಕಾರ ಬರಬೇಕಾದ ದುಡ್ಡು ಬಂದಿಲ್ಲವೆಂದಾದರೆ ಅದನ್ನು ಕೊಡಿಸುವುದೇ ಮೊದಲ ಕೆಲಸ. ತಡ ನಿಮ್ಮಿಂದಾಗಿದ್ದರೆ ಅದರ ಒಂದು ಪಾಲು ನೀವು ಹೊರುವುದು ನ್ಯಾಯ.

ವಿಡಿಯೊವನ್ನು ಒಬ್ಬರಿಗೆ ಮಾತ್ರ ತೋರಿಸಿ, ನಿಮ್ಮ ಚಿಕ್ಕಮ್ಮನಿಗೆ. ಮುಂದಿನ ಸಲ ಕೆಂಗೇರಿಗೆ ಬಂದಾಗ ಪಕ್ಕದಲ್ಲಿ ಕೂತು ನಿಧಾನವಾಗಿ ತೋರಿಸಿ. ಕುರ್ಚಿಗೆ ಬೆನ್ನಾಸರೆ ಇದೆಯೇ, ಸೂಜಿಗೆ ಗಾರ್ಡ್ ಇದೆಯೇ, ಪೀಸುಗಳ ರಾಶಿ ದಾರಿಗೆ ಅಡ್ಡ ಬಿದ್ದಿದೆಯೇ, ಸೂಪರ್‌ವೈಸರ್ ಎಷ್ಟು ಹತ್ತಿರ ನಿಂತಿದ್ದಾರೆ, ಎಲ್ಲ ಅವರಿಗೆ ಒಂದೇ ನೋಟಕ್ಕೆ ಸಿಗುತ್ತದೆ. ಮಷಿನ್ ಪಕ್ಕದ ನೀರಿನ ಬಾಟಲಿಗಳನ್ನೂ ನೋಡಲು ಹೇಳಿ. ಸರದಿ ಮುಗಿಯುವ ಹೊತ್ತಿಗೂ ತುಂಬಿದ ಬಾಟಲಿ ಹಾಗೇ ಇದ್ದರೆ ಟಾಯ್ಲೆಟ್‌ಗೆ ಬಿಡುತ್ತಿಲ್ಲ ಎಂದರ್ಥ. ಬೆಂಗಳೂರಿನ ಲೈನುಗಳಲ್ಲಿ ನಾನು ಅದನ್ನು ಕಲಿತದ್ದು ಅವರಂಥ ಟೈಲರ್‌ಗಳಿಂದಲೇ. ಅವರು ಏನಂದರು ಅಂತ ನನಗೂ ಬರೆಯಿರಿ.